ಬಾದಾಮಿಯ ನಕಲುಗಳ ಕಥೆ

ಗೆಳೆಯನೊಬ್ಬ ಮನೆಯಲ್ಲೇ ವಿಡಿಯೋ ಗೇಮ್ ಪೆಟ್ಟಿಗೆ ಕಟ್ಟಿದ್ದಾನೆ. ಆರ್ಕೇಡ್ ಕ್ಯಾಬಿನೆಟ್ ಅಂತಾರಲ್ಲ, ಅದು. ಪ್ಲೈವುಡ್ಡಿನ ಆಳೆತ್ತರದ ಪೆಟ್ಟಿಗೆ, ಒಳಗೊಂದು ರಾಸ್ಪ್‌ಬೆರಿ ಪೈ, ಹಳೇ ಮಾನಿಟರ್ರು, ಜಾಯ್‌ಸ್ಟಿಕ್ಕು, ದಪ್ಪ ದಪ್ಪ ಗುಂಡಿಗಳು. ಅವನ ಊರು ಇಳಕಲ್ಲು, ನನ್ನದು ಬಾಗಲಕೋಟೆ, ಇಬ್ಬರೂ ಹೊಟ್ಟೆಪಾಡಿಗೆ ಕೋಡು ಬರೆಯುವುದು ಬೆಂಗಳೂರಿನಲ್ಲಿ.

ಇಂಥ ಪೆಟ್ಟಿಗೆ ಕಟ್ಟುವವರ ಲೋಕದಲ್ಲಿ ವೈರು, ಬೆಸುಗೆಗಿಂತ ಕಷ್ಟದ ಕೆಲಸ ಚಿತ್ರದ್ದು ಅಂತ ನನಗೆ ಗೊತ್ತಾಗಿದ್ದು ಅವನಿಂದಲೇ. 1980ರ ದಶಕದ ಪೆಟ್ಟಿಗೆಗಳ ಪಕ್ಕದ ಚಿತ್ರಗಳನ್ನು ಹೆಚ್ಚಾಗಿ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಹಾಕುತ್ತಿದ್ದರು, ಒಂದೊಂದು ಬಣ್ಣಕ್ಕೆ ಒಂದೊಂದು ಪರದೆ. ನಮ್ಮ ಮದುವೆ ಕಾರ್ಡಿನ ಹಾಗೆ. ಈಗ ಉಳಿದಿರುವವು ಬಿಸಿಲಿಗೆ ಬೆಳ್ಳಗಾಗಿ, ಗೀಚಿಸಿಕೊಂಡು ಕೂತಿವೆ. ಅದರ ಪ್ರತಿಕೃತಿ ಮಾಡುವವರು ಮೊದಲು ತುಂಡು ತುಂಡಾಗಿ ಸ್ಕ್ಯಾನ್ ಮಾಡಿ, ಒಂದೊಂದು ಆಕಾರವನ್ನೂ ವೆಕ್ಟರ್‌ನಲ್ಲಿ ಕೈಯಾರೆ ತಿದ್ದಿ ಬರೆಯುತ್ತಾರೆ. ಬಣ್ಣ ಮಾತ್ರ ಎದುರಿಗೆ ಕಾಣುವುದನ್ನು ನಂಬುವುದಿಲ್ಲ. ಅಂಚಿನ ಪಟ್ಟಿ ಕಿತ್ತು, ಬೆಳಕೇ ಬೀಳದ ಜಾಗದಲ್ಲಿ ಉಳಿದಿರುವ ಬಣ್ಣ ನೋಡಿ ಹೊಂದಿಸುತ್ತಾರೆ. ಒಂದು ಪೆಟ್ಟಿಗೆಯ ಮೂಲೆ ಹಾಳಾಗಿದ್ದರೆ ಬೇರೆ ಯಾರದೋ ಪೆಟ್ಟಿಗೆಯ ಅದೇ ಮೂಲೆ ಹುಡುಕುತ್ತಾರೆ. ಆಮೇಲೆ ವಿನೈಲ್ ಮೇಲೆ ಪ್ರಿಂಟು, ಅದರ ಮೇಲೊಂದು ಲ್ಯಾಮಿನೇಶನ್.

ನಮ್ಮ ಇಳಕಲ್ಲಿನವನ ತಲೆಯಲ್ಲಿ ಇದ್ದಿದ್ದೇ ಬೇರೆ. "ಪ್ಯಾಕ್‌ಮ್ಯಾನ್ ಎಲ್ಲಾರ ಮನ್ಯಾಗೂ ಐತಿ ಬಿಡಪಾ. ನನಗ ಬಾದಾಮಿ ಬೇಕು" ಅಂದ. ಮೂರನೇ ಗುಹೆಯ ವರ್ಣಚಿತ್ರ, ಅದರಲ್ಲಿನ ನಾಟ್ಯದ ದೃಶ್ಯ. ಚಿತ್ರ ಹುಡುಕಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ಲೆಕ್ಕ ಸರಳ. ಆರಡಿ ಅಂದರೆ 72 ಇಂಚು, ಇಂಚಿಗೆ 150 ಚುಕ್ಕಿ ಅಂದರೂ ಎತ್ತರಕ್ಕೆ 10,800 ಪಿಕ್ಸೆಲ್ ಬೇಕು. ಪಿಕ್ಸೆಲ್ ಮಾತು ಹಾಗಿರಲಿ, ಯಾವುದನ್ನು "ಮೂಲ" ಅಂತ ಹಿಡಿಯಬೇಕು ಅನ್ನುವುದೇ ಬಗೆಹರಿಯಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಬಾದಾಮಿಯನ್ನು ಕಾಗದಕ್ಕೆ ಇಳಿಸಲು ಹೊರಟವರ ಸುಮಾರು ಇನ್ನೂರು ವರ್ಷಗಳ ಸಾಲು. ಈ ಬರಹ ಅವರದ್ದು.

ಮೊದಲು ಗುಹೆಯ ವಿಷಯ. ಮೂರನೇ ಗುಹೆಗೆ ತಾರೀಖು ಇದೆ. ಚಾಲುಕ್ಯ ಕೀರ್ತಿವರ್ಮನ ಆಳ್ವಿಕೆಯ 12ನೇ ವರ್ಷ, ಶಕ 500, ಕಾರ್ತಿಕ ಹುಣ್ಣಿಮೆ. ಅಂದರೆ ಕ್ರಿ.ಶ. 578. ತಮ್ಮ ಮಂಗಳೇಶ ಈ ವಿಷ್ಣುಗೃಹ ಮಾಡಿಸಿದ್ದು ಅಂತ ಅಲ್ಲಿನ ಸಂಸ್ಕೃತ ಶಾಸನ ಹೇಳುತ್ತದೆ. ಅಲ್ಲೇ ಒಂದು ಪುಟ್ಟ ಕನ್ನಡ ಶಾಸನವೂ ಇದೆ. ಅದರಲ್ಲಿ ಈ ಗುಹೆಯನ್ನು "ಕಲ್ಮನೆ" ಅಂತ ಕರೆದಿದ್ದಾರೆ. ರಾಕ್-ಕಟ್ ಕೇವ್ ಟೆಂಪಲ್ ಅನ್ನುವ ಮೂರು ಮೈಲಿ ಉದ್ದದ ಹೆಸರಿಗಿಂತ ಇದು ಎಷ್ಟು ಚೆನ್ನಾಗಿದೆ ನೋಡಿ :)

ವರ್ಣಚಿತ್ರ ಉಳಿದಿರುವುದು ಮುಂಚಾಚಿದ ಕಲ್ಲಿನ ಸೂರಿನ ಒಳಮೈಯಲ್ಲಿ, ತಲೆ ಎತ್ತಿ ನೋಡಬೇಕಾದ ಬಾಗಿದ ಜಾಗದಲ್ಲಿ. ಮಳೆ ನೇರ ಬಡಿಯದ ಕಡೆ, ಪೆಟ್ಟಿಗೆಯ ಅಂಚಿನ ಪಟ್ಟಿಯಡಿ ಬಣ್ಣ ಉಳಿದ ಹಾಗೆಯೇ. ಕಾವಿ ಕೆಂಪು, ಹಳದಿ, ಹಸಿರು, ಅಲ್ಲಲ್ಲಿ ಮುಖಗಳು, ಕೈಗಳು, ಹಾರುವ ವಿದ್ಯಾಧರರು. ಗುಹೆಗೆ ತಾರೀಖು ಇರುವುದರಿಂದ ಈ ಚಿತ್ರಗಳಿಗೂ ಒಂದು ತಾರೀಖು ಸಿಕ್ಕಿದೆ. ನಮ್ಮ ದೇಶದ ಹಳೆಯ ಭಿತ್ತಿಚಿತ್ರಗಳಿಗೆ ಇದು ಅಪರೂಪ. ಅಜಂತಾದವರು ಕೂಡ ಶೈಲಿ ನೋಡಿ, ದಾನಿಗಳ ಶಾಸನ ನೋಡಿ ವಾದ ಮಾಡಬೇಕು.

ಈಗ ನಕಲು ಮಾಡಿದವರ ಕಡೆ ಬರೋಣ. ಮೊದಲನೆಯವನು ಚಿತ್ರಗಾರನೂ ಅಲ್ಲ, ಫೋಟೋಗ್ರಾಫರನೂ ಅಲ್ಲ. ವಾಲ್ಟರ್ ಎಲಿಯಟ್ ಅಂತ, ಧಾರವಾಡದ ಕಡೆ ಇದ್ದ ಕಂಪನಿ ಅಧಿಕಾರಿ. 1824ರಲ್ಲಿ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ಸೆರೆ ಸಿಕ್ಕ ಇಬ್ಬರು ಇಂಗ್ಲಿಷರಲ್ಲಿ ಇವನೊಬ್ಬ. (ಕಿತ್ತೂರಿನ ಕಥೆಯಲ್ಲಿ ಓದಿದ ಆ ಎಲಿಯಟ್ಟೇ ಶಾಸನಗಳ ಎಲಿಯಟ್ ಅಂತ ಗೊತ್ತಾದಾಗ ನನಗೆ ವಿಚಿತ್ರ ಖುಷಿಯಾಯಿತು.) ಆಮೇಲಿನ ವರ್ಷಗಳಲ್ಲಿ ಅವನು ಈ ಸೀಮೆಯ ಸುಮಾರು 600 ಶಾಸನಗಳನ್ನು ಸ್ಥಳೀಯ ಬರಹಗಾರರಿಂದ ಕೈಬರಹದಲ್ಲಿ ನಕಲು ಮಾಡಿಸಿದ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ಲೇನ್ ಟೆಕ್ಸ್ಟ್ ಫೈಲು. ಓದಿದವನು ಏನು ಓದಿದನೋ ಅದು ಉಳಿಯಿತು, ಕಲ್ಲಿನ ಮೇಲಿನ ಅಕ್ಷರದ ಆಕಾರ ಉಳಿಯಲಿಲ್ಲ. ಅವನು ತಪ್ಪಾಗಿ ಓದಿದ್ದರೆ ಕಾಗದ ನೋಡಿ ಹಿಡಿಯುವ ದಾರಿಯೇ ಇಲ್ಲ, ಮತ್ತೆ ಕಲ್ಲಿನ ಹತ್ತಿರವೇ ಹೋಗಬೇಕು.

ಎರಡನೆಯದು ಕ್ಯಾಮೆರಾ. 1855ರಲ್ಲಿ ಮುಂಬಯಿ ಸರಕಾರ ಫಿರಂಗಿ ದಳದ ಕ್ಯಾಪ್ಟನ್ ಥಾಮಸ್ ಬಿಗ್ಸ್‌ನನ್ನು ಹಳೆಯ ಕಟ್ಟಡಗಳ ಫೋಟೋ ತೆಗೆಯಲು ನೇಮಿಸಿತು. ವಿಜಾಪುರ, ಐಹೊಳೆ, ಬಾದಾಮಿ ಎಲ್ಲ ಸುತ್ತಿದ. ಆ ವರ್ಷದ ಕೊನೆಗೆ ದಂಡಿನ ಕೆಲಸಕ್ಕೆ ವಾಪಸ್ ಕರೆಸಿಕೊಂಡರು, ಕ್ಯಾಮೆರಾ ಡಾಕ್ಟರ್ ಪಿಗೂ ಕೈಗೆ ಹೋಯಿತು. ಬಿಗ್ಸ್‌ನ ನೆಗೆಟಿವ್ ಗಾಜಿನದಲ್ಲ, ಕಾಗದದ್ದು. ಒಂದೊಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಕೊಡಬೇಕು. ಆ ಹೊತ್ತಿನಲ್ಲಿ ಯಾರಾದರೂ ಎದುರಿಗೆ ಹಾದು ಹೋದರೆ ಅವರು ಚಿತ್ರದಲ್ಲಿ ಇರುವುದೇ ಇಲ್ಲ.

ಇಲ್ಲಿ ಒಂದು ತಮಾಷೆ ಇದೆ, ಇದು ಗೊತ್ತಿಲ್ಲದಿದ್ದರೆ ಆ ಕಾಲದ ಫೋಟೋಗಳು ನಮ್ಮನ್ನು ಮೋಸ ಮಾಡುತ್ತವೆ. ಆಗಿನ ರಾಸಾಯನಿಕಕ್ಕೆ ಕಾಣುತ್ತಿದ್ದುದು ನೀಲಿ ಬೆಳಕು ಮಾತ್ರ, ಕೆಂಪು ಅದಕ್ಕೆ ಕತ್ತಲೆ ಇದ್ದ ಹಾಗೆ. ಬಾದಾಮಿಯ ಬಂಡೆಯೋ ಸಂಜೆ ಬಿಸಿಲಿಗೆ ಬೆಂಕಿಯಂತೆ ಕಾಣುವ ಕೆಂಪು ಮರಳುಗಲ್ಲು. ಹಾಗಾಗಿ ಅಂಥ ಚಿತ್ರದಲ್ಲಿ ಆಕಾಶ ಖಾಲಿ ಬಿಳಿ, ಕಲ್ಲು ಇರುವುದಕ್ಕಿಂತ ಕಪ್ಪು. ಅದೇ ಕ್ಯಾಮೆರಾವನ್ನು ಗುಹೆಯ ಕಾವಿ ಬಣ್ಣದ ಚಿತ್ರದ ಮುಂದೆ ಇಟ್ಟಿದ್ದರೆ ಸಿಗುತ್ತಿದ್ದುದು ಮಸಿ. ಬಣ್ಣ ಹಾಕಿ ಫಲಕದ ಕುರುಡು ಕಡಿಮೆ ಮಾಡಬಹುದು ಅಂತ ಜರ್ಮನಿಯ ಫೋಗೆಲ್ ಕಂಡುಹಿಡಿದಿದ್ದೇ 1873ರಲ್ಲಿ. ಕೆಂಪನ್ನೂ ಕಾಣುವ ಫಲಕಗಳು ಅಂಗಡಿಗೆ ಬಂದಿದ್ದು 20ನೇ ಶತಮಾನದ ಆರಂಭದಲ್ಲಿ. ಬಾದಾಮಿಗೆ ಕ್ಯಾಮೆರಾ ಬಂದು ಅರ್ಧ ಶತಮಾನ ಕಳೆದರೂ ಅಲ್ಲಿನ ಚಿತ್ರಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಬಿಗ್ಸ್, ಪಿಗೂ, ನೀಲ್ ಮೂವರ ಫೋಟೋಗಳು 1866ರಲ್ಲಿ ಲಂಡನ್ನಿನಲ್ಲಿ "ಆರ್ಕಿಟೆಕ್ಚರ್ ಇನ್ ಧಾರವಾರ್ ಆ್ಯಂಡ್ ಮೈಸೂರ್" ಅನ್ನುವ ಪುಸ್ತಕವಾದವು. ಬರಹ ನಮ್ಮ ಸುರಪುರದ ಮೆಡೋಸ್ ಟೇಲರ್ ಮತ್ತು ಫರ್ಗ್ಯುಸನ್‌ರದ್ದು. ಆಗ ಫೋಟೋವನ್ನು ಪುಸ್ತಕದಲ್ಲಿ ಅಚ್ಚು ಹಾಕುವ ಸುಲಭ ದಾರಿ ಇರಲಿಲ್ಲ. ಒಂದೊಂದು ಪ್ರತಿಗೂ ಒಂದೊಂದು ಫೋಟೋ ತೊಳೆದು, ಒಣಗಿಸಿ, ಕೈಯಾರೆ ಪುಟಕ್ಕೆ ಅಂಟಿಸಬೇಕು. ಅಂದರೆ ಅದು ದೊಡ್ಡವರ ಮನೆಯ ಕಪಾಟಿನ ಪುಸ್ತಕ. ಬಾದಾಮಿಯ ಚಿತ್ರ ಬಾದಾಮಿಯವರು ನೋಡಲಾಗದ ಕಡೆ ಹೋಗಿ ಕೂತಿತು.

1874ರ ಹೊತ್ತಿಗೆ ಬಂದವನು ಜೇಮ್ಸ್ ಬರ್ಜೆಸ್. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊದಲ ಹಂಗಾಮಿನ ವರದಿಯೇ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳದ್ದು. ಹೌದು, ಆಗ ನಮ್ಮದು ಕಲಾದಗಿ ಜಿಲ್ಲೆ. 1885ರಲ್ಲಿ ಕಚೇರಿ ವಿಜಾಪುರಕ್ಕೆ ಹೋಯಿತು, ಬಾಗಲಕೋಟೆ ತಾನೇ ಜಿಲ್ಲೆಯಾಗಿದ್ದು 1997ರಲ್ಲಿ. ಹಳೇ ಪುಸ್ತಕಗಳಲ್ಲಿ ಬಾದಾಮಿ ಹುಡುಕುವವರು ಈ ಮೂರೂ ಹೆಸರಿನಲ್ಲಿ ಹುಡುಕಬೇಕು, ಇಲ್ಲದಿದ್ದರೆ ಅರ್ಧ ಸಿಗುವುದೇ ಇಲ್ಲ. ಬರ್ಜೆಸ್ ಅಳತೆಪಟ್ಟಿ ಹಿಡಿದ ಮನುಷ್ಯ. ನಕ್ಷೆ, ಕಂಬದ ರೇಖಾಚಿತ್ರ, ಶಾಸನ, ಎಲ್ಲವೂ ಬೇಕು ಅವನಿಗೆ. ಅವನೇ 1872ರಲ್ಲಿ ಶುರು ಮಾಡಿದ "ಇಂಡಿಯನ್ ಆ್ಯಂಟಿಕ್ವರಿ" ಪತ್ರಿಕೆ ಮುಂದಿನ ಕಥೆಗೆ ವೇದಿಕೆಯಾಯಿತು.

ಆ ಮುಂದಿನ ಕಥೆ ಜಾನ್ ಫೇಯ್ತ್‌ಫುಲ್ ಫ್ಲೀಟ್‌ನದ್ದು. 1867ರಲ್ಲಿ ಮುಂಬಯಿ ಪ್ರಾಂತ್ಯದ ಸಿವಿಲ್ ಸರ್ವಿಸ್‌ಗೆ ಬಂದ ಇವನು ನಮ್ಮ ಕಡೆ ಕೆಲಸ ಮಾಡುತ್ತಲೇ ಹಳಗನ್ನಡ ಕಲಿತ. ಸಂಗೊಳ್ಳಿ ರಾಯಣ್ಣನ ಲಾವಣಿ ಬರೆಸಿಕೊಂಡು ಅಚ್ಚು ಹಾಕಿಸಿದವನೂ ಇವನೇ, ಬ್ರಿಟಿಷ್ ಸರಕಾರದ ಸಂಬಳ ತಿನ್ನುತ್ತ! ಫ್ಲೀಟ್ ಹಿಡಿದಿದ್ದು ಅಚ್ಚುಪ್ರತಿಯ ದಾರಿ. ಕಲ್ಲನ್ನು ಚೆನ್ನಾಗಿ ಉಜ್ಜಿ ತೊಳೆದು, ಒದ್ದೆ ಮಾಡಿದ ಕಾಗದ ಹಚ್ಚಿ, ಗಡಸು ಬ್ರಷ್ಷಿನಿಂದ ಬಡಿಯುತ್ತ ಹೋದರೆ ಕಾಗದ ಅಕ್ಷರದ ತಗ್ಗಿಗೆ ಇಳಿಯುತ್ತದೆ. ಆಮೇಲೆ ಮಸಿ ಅದ್ದಿದ ಉಂಡೆಯಿಂದ ಮೆಲ್ಲಗೆ ತಟ್ಟಿದರೆ ಮೇಲ್ಮೈ ಕಪ್ಪಾಗಿ, ತಗ್ಗಿನಲ್ಲಿರುವ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಒಣಗಿದ ಮೇಲೆ ಬಿಡಿಸಿಕೊಂಡರೆ ಕಲ್ಲಿನಷ್ಟೇ ದೊಡ್ಡ ಪ್ರತಿ ಕೈಯಲ್ಲಿ. ಅದನ್ನು ಲಂಡನ್ನಿಗೆ ಕಳಿಸಿದರೆ ವಿಲಿಯಂ ಗ್ರಿಗ್ಸ್ ಅನ್ನುವ ಮುದ್ರಕ ಫೋಟೋ ತೆಗೆದು, ಕಲ್ಲಚ್ಚಿಗೆ ಇಳಿಸಿ, ಸಣ್ಣದು ಮಾಡಿ ಅಚ್ಚು ಹಾಕುತ್ತಿದ್ದ.

ಇದರ ಹಿಂದಿನ ಜಗಳವೇ ನನಗೆ ಮುಖ್ಯ ಅನ್ನಿಸಿದ್ದು. ಮಸುಕಾದ ಅಕ್ಷರವನ್ನು ಅಚ್ಚಿಗೆ ಹಾಕುವ ಮೊದಲು "ಸ್ವಲ್ಪ ತಿದ್ದಿ" ಸ್ಪಷ್ಟ ಮಾಡಬೇಕು ಅಂತ ಎಲ್ಲರಿಗೂ ಆಸೆ. ಕಲ್ಲಿನ ಮೇಲೇ ಸುಣ್ಣ ಬಳಿದು ಅಕ್ಷರ ಎತ್ತಿ ತೋರಿಸಿ ಫೋಟೋ ತೆಗೆಯುವವರೂ ಇದ್ದರು, ಈಗಲೂ ಸೀಮೆಸುಣ್ಣ ಹಿಡಿದು ಹೋಗುವವರಿದ್ದಾರೆ. ಆದರೆ ಬಳಿಯುವವನು ತಾನು ಓದಿದ್ದನ್ನೇ ಬಳಿಯುತ್ತಾನೆ. ಚಿತ್ರದ ಹೆಸರಿನಲ್ಲಿ ಮತ್ತೆ ಎಲಿಯಟ್‌ನ ಪ್ಲೇನ್ ಟೆಕ್ಸ್ಟೇ ಬಂತು, ಈ ಸಲ ಸಾಕ್ಷಿಯ ವೇಷದಲ್ಲಿ. ಫ್ಲೀಟ್ ಮತ್ತು ಅವನ ನಂತರದವರು ಕೈ ಸೋಕದ, ಯಂತ್ರ ಕೊಟ್ಟ ಪ್ರತಿಯೇ ಬೇಕು ಅಂತ ಹಟ ಹಿಡಿದರು. ಕಲ್ಲು ಮುಕ್ಕಾಗಿದ್ದರೆ ಮುಕ್ಕೂ ಅಚ್ಚಾಗಲಿ. ಓದುಗ ಒಪ್ಪದಿದ್ದರೆ ಅವನೇ ಬೇರೆ ಓದಿಕೊಳ್ಳಲಿ.

ಇದು ಎಷ್ಟು ಕೆಲಸಕ್ಕೆ ಬಂತು ಅನ್ನುವುದಕ್ಕೆ ಹುನಗುಂದ ತಾಲ್ಲೂಕಿನ ಐಹೊಳೆಯ ಮೇಗುತಿ ಶಾಸನ ನೋಡಿ. ಇಮ್ಮಡಿ ಪುಲಕೇಶಿ ಹರ್ಷನನ್ನು ಸೋಲಿಸಿದ ಮಾತು ಬರುವ, ರವಿಕೀರ್ತಿ ಬರೆದ, ಕ್ರಿ.ಶ. 634ರ ಶಾಸನ. ಫ್ಲೀಟ್ ಇದನ್ನು 1876ರಲ್ಲಿ ಒಮ್ಮೆ ಪ್ರಕಟಿಸಿದ, ತೃಪ್ತಿಯಾಗದೆ 1879ರಲ್ಲಿ ಮತ್ತೊಮ್ಮೆ ಪ್ರಕಟಿಸಿದ. ಇಪ್ಪತ್ತು ವರ್ಷದ ಮೇಲೆ ಜರ್ಮನಿಯ ಕೀಲ್‌ಹಾರ್ನ್ "ಎಪಿಗ್ರಾಫಿಯಾ ಇಂಡಿಕಾ"ದ ಆರನೇ ಸಂಪುಟದಲ್ಲಿ ಮೂರನೇ ಸಲ ತಿದ್ದಿದ. ಒಂದೇ ಕಲ್ಲು, ಮೂರು ರಿಲೀಸ್. ಚಿತ್ರ ಬಚ್ಚಿಡದೆ ಕೊಟ್ಟಿದ್ದರಿಂದಲೇ ದೂರದಲ್ಲಿ ಕೂತವನಿಗೂ ಬಗ್ ಫಿಕ್ಸ್ ಮಾಡಲು ಆಯಿತು.

ಆದರೆ ಅಚ್ಚುಪ್ರತಿ ತಗ್ಗು-ದಿಣ್ಣೆ ಇರುವ ಕಲ್ಲಿಗೆ ಸರಿ. ಬಣ್ಣದ ಚಿತ್ರಕ್ಕೆ ಒದ್ದೆ ಕಾಗದ ಹಚ್ಚಿ ಬಡಿದರೆ ಚಿತ್ರವೇ ಕಾಗದದ ಜೊತೆ ಬರುತ್ತದೆ! ಅದಕ್ಕೆ ಉಳಿದಿದ್ದು ಕುಂಚ ಹಿಡಿದು ಕೂತು ನಕಲು ಮಾಡುವ ದಾರಿ. ಆ ದಾರಿಯ ಅಪಾಯ ಏನು ಅಂತ ಅಜಂತಾ ಹೇಳುತ್ತದೆ. ರಾಬರ್ಟ್ ಗಿಲ್ 1840ರ ದಶಕದಿಂದ ವರ್ಷಾನುಗಟ್ಟಲೆ ಗುಹೆಯಲ್ಲಿ ಕೂತು ಬರೆದ ದೊಡ್ಡ ದೊಡ್ಡ ಪ್ರತಿಗಳು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬೆಂಕಿಯಲ್ಲಿ ಬಹುತೇಕ ಸುಟ್ಟುಹೋದವು. ಜಾನ್ ಗ್ರಿಫಿತ್ಸ್ ಮುಂಬಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನ ಹುಡುಗರನ್ನು ಕಟ್ಟಿಕೊಂಡು 1872ರಿಂದ ಮತ್ತೆ ಮೊದಲಿನಿಂದ ಬರೆದ. 1885ರಲ್ಲಿ ಅವುಗಳಲ್ಲೂ ಹಲವು ಲಂಡನ್ನಿನಲ್ಲೇ ಬೆಂಕಿಗೆ ಹೋದವು. ಉಳಿದವು 1896-97ರಲ್ಲಿ ಪುಸ್ತಕವಾಗಿ ಬಂದವು. ಅಚ್ಚು ಹಾಕಿದವನು ಅದೇ ಗ್ರಿಗ್ಸ್, ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲಚ್ಚು. ಒಂದೇ ಕಡೆ ಬ್ಯಾಕಪ್ ಇಟ್ಟರೆ ಏನಾಗುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ಯಾರೂ ಪಾಠ ಮಾಡಲಾರರು.

ಬಾದಾಮಿಗೆ ಅಂಥ ಗಿಲ್ಲೂ ಸಿಗಲಿಲ್ಲ, ಗ್ರಿಫಿತ್ಸೂ ಸಿಗಲಿಲ್ಲ. ಹೆನ್ರಿ ಕಸಿನ್ಸ್‌ನ ಚಾಲುಕ್ಯ ವಾಸ್ತುಶಿಲ್ಪದ ಪುಸ್ತಕ 1926ರಲ್ಲಿ, ಆರ್.ಡಿ. ಬ್ಯಾನರ್ಜಿಯವರ ಬಾದಾಮಿ ಉಬ್ಬುಶಿಲ್ಪಗಳ ಪುಸ್ತಕ 1928ರಲ್ಲಿ ಬಂದವು, ಎರಡರ ಗಮನವೂ ಕಲ್ಲಿನ ಮೇಲೆ. ವರ್ಣಚಿತ್ರದ ಮೇಲೆ ವಿದ್ವಾಂಸರ ಕಣ್ಣು ನೆಡುವ ಹಾಗೆ ಬರೆದವರು ಸ್ಟೆಲ್ಲಾ ಕ್ರಾಮ್‌ರಿಷ್, 1936ರಲ್ಲಿ. ಆಸ್ಟ್ರಿಯಾದಿಂದ ಬಂದು ಕಲ್ಕತ್ತಾದಲ್ಲಿ ಪಾಠ ಮಾಡುತ್ತಿದ್ದವರು. ಚಿತ್ರ ಬರೆದು ಸುಮಾರು 1,350 ವರ್ಷ ಕಳೆದಿತ್ತು ಆಗ. ಜೆ.ಜೆ. ಸ್ಕೂಲಿನ ಜೆ.ಎಂ. ಅಹಿವಾಸಿಯವರು ಗುಹೆಯಲ್ಲಿ ಕೂತು ಪ್ರತಿ ತೆಗೆದರು. ನಮಗೆ ಇವತ್ತು ಬಾದಾಮಿ ಚಿತ್ರ ಅಂತ ಸ್ವಲ್ಪ ಸ್ಪಷ್ಟವಾಗಿ ಏನಾದರೂ ಕಣ್ಣಿಗೆ ಬೀಳುತ್ತಿದ್ದರೆ ಅದು ಹೆಚ್ಚಾಗಿ ಅಂಥ ಪ್ರತಿ, ಗೋಡೆಯಲ್ಲ.

ಪ್ರತಿ ತೆಗೆಯುವವರ ಸಂಕಟ ಯೋಚಿಸಿ. ಮುಖದ ಅರ್ಧ ಇದೆ, ಉಳಿದರ್ಧ ಉದುರಿದೆ. ಖಾಲಿ ಬಿಡಬೇಕೋ, ತುಂಬಬೇಕೋ? ಆರ್ಕೇಡ್‌ನವರು ಬೇರೆ ಪೆಟ್ಟಿಗೆ ಹುಡುಕುತ್ತಾರೆ. ಬಾದಾಮಿಗೆ ಬೇರೆ ಪೆಟ್ಟಿಗೆ ಇಲ್ಲ. ದೃಶ್ಯಗಳ ಗುರುತು ಕೂಡ ಇದರ ಮೇಲೇ ನಿಂತಿದೆ. ಸಿ. ಶಿವರಾಮಮೂರ್ತಿಯವರು ಒಂದರಲ್ಲಿ ಇಂದ್ರ ತನ್ನ ಅರಮನೆಯಲ್ಲಿ ನಾಟ್ಯ ನೋಡುತ್ತಿದ್ದಾನೆ, ಇನ್ನೊಂದರಲ್ಲಿ ಕೀರ್ತಿವರ್ಮ ಪರಿವಾರದ ಜೊತೆ ಕೂತಿದ್ದಾನೆ ಅಂದರು. ಎಲ್ಲರೂ ಒಪ್ಪಿದ್ದಾರೆ ಅಂತಲ್ಲ. ಆದರೆ ಹೊಸಬರು ವಾದ ಮಾಡಬೇಕೆಂದರೆ ಅವರು ಕಂಡಷ್ಟು ಕಾಣಬೇಕಲ್ಲ? ನಾನು ಹೋದಾಗೆಲ್ಲ ಕತ್ತು ನೋಯುವ ತನಕ ನೋಡಿದ್ದೇನೆ. ಎರಡು ಮೂರು ಆಕೃತಿ ಕಣ್ಣಿಗೆ ಕೂಡುತ್ತವೆ, ಮಿಕ್ಕಿದ್ದು ಕಂದು ಬಣ್ಣದ ಮೋಡ. ಪಕ್ಕದಲ್ಲಿ ನಿಂತವರು "ಪೇಂಟಿಂಗ್ ಎಲ್ಲೈತ್ರಿ?" ಅಂತ ಗೈಡನ್ನು ಕೇಳುತ್ತಿರುತ್ತಾರೆ.

ಹಾಗಾಗಿ ಗೆಳೆಯನಿಗೆ ನಾನು ಹೇಳಿದ್ದು ಇಷ್ಟು. ನಾಟ್ಯದ ದೃಶ್ಯ ಬೇಡ. ಗೋಡೆಯ ಫೋಟೋ ಹಾಕಿದರೆ ಆರಡಿ ಕಂದು ಮೋಡ. ಕಲಾವಿದರ ಪ್ರತಿ ಹಾಕೋಣ ಅಂದರೆ ಅದು ಅವರ ಕೃತಿ, ನಮ್ಮ ಕಾನೂನಿನಲ್ಲಿ ಬರೆದವರು ತೀರಿದ ಮೇಲೂ 60 ವರ್ಷ ಹಕ್ಕು ಇರುತ್ತದೆ. ಸಾಫ್ಟ್‌ವೇರಿನಿಂದ ಖಾಲಿ ಜಾಗ ತುಂಬಿಸಿದರೆ ಅದು ಬಾದಾಮಿಯೇ ಅಲ್ಲ, ಅದರ ಕೆಳಗೆ 578 ಅಂತ ಬರೆಯುವುದಕ್ಕೆ ನನಗೆ ಮನಸ್ಸಿಲ್ಲ. ಬದಲಿಗೆ ಫ್ಲೀಟ್ 1881ರಲ್ಲಿ ಪ್ರಕಟಿಸಿದ ಕಪ್ಪೆ ಅರಭಟ್ಟನ ಶಾಸನ ತಗೋ ಅಂದೆ. ಕೆರೆಯ ಆಚೆ ತಟ್ಟುಕೋಟಿ ಕಡೆಯ ಬಂಡೆಯ ಮೇಲೆ, ಸುಮಾರು 700ರ ಕಾಲದ್ದು, ನಮ್ಮ ತ್ರಿಪದಿಯ ಹಳೆಯ ಸಾಕ್ಷಿ. ಆ ಸಾಲುಗಳು ನಿಮಗೆಲ್ಲ ಬಾಯಿಪಾಠ, ಇಲ್ಲಿ ಮತ್ತೆ ಬರೆಯುವುದಿಲ್ಲ. ಗುದ್ದಾಟದ ಗೇಮ್ ಇರುವ ಪೆಟ್ಟಿಗೆಗೆ ಇವನಿಗಿಂತ ಒಳ್ಳೆಯ ಹೀರೋ ಬೇಕೇ? ಜೊತೆಗೆ ಅಚ್ಚುಪ್ರತಿ ಬರೀ ಕಪ್ಪು-ಬಿಳುಪು. ಎಷ್ಟು ದೊಡ್ಡದು ಮಾಡಿದರೂ ವೆಕ್ಟರ್‌ನಲ್ಲಿ ಅಂಚು ಕೆಡುವುದಿಲ್ಲ, ಬಣ್ಣ ಹೊಂದಿಸುವ ರಗಳೆ ಇಲ್ಲ. ನವನಗರದ ಒಂದು ಫ್ಲೆಕ್ಸ್ ಅಂಗಡಿಯಲ್ಲಿ ವಿನೈಲ್ ಮೇಲೆ ಹಾಕಿಸಿದೆವು. ಅಂಗಡಿಯಣ್ಣ ಸ್ಕ್ರೀನ್ ಮೇಲೆ ಅಲ್ಲಲ್ಲಿ ಇದ್ದ ಕಲ್ಲಿನ ಬಿರುಕಿನ ಗೆರೆ ನೋಡಿ, "ಈ ಕಲಿ ಅಳಸ್ಲೇನ್ರಿ ಸರ? ಕ್ಲೀನ್ ಕಾಣ್ತೈತಿ" ಅಂದ. ನಾವಿಬ್ಬರೂ ಒಟ್ಟಿಗೆ "ಬ್ಯಾಡ್ರಿ!" ಅಂತ ಕೂಗಿದೆವು. ಫ್ಲೀಟ್‌ನ ಜಗಳ ಅಲ್ಲಿಗೂ ಬಂದಿತ್ತು.

ಇಳಕಲ್ಲಿನವನು ಒಂದು ತಕರಾರು ತೆಗೆದ, ಅದು ನನಗೆ ಇನ್ನೂ ತಲೆಯಲ್ಲಿ ಕೊರೆಯುತ್ತಿದೆ. "ನಮ್ಮೂರ ಸೀರಿಯ ತೋಪು ತೆನಿ ಸೆರಗಿಗೆ ಒರಿಜಿನಲ್ ಯಾವುದೋ?" ಅಂದ. ಯಾವುದೂ ಅಲ್ಲ. ನೇಯುವವರು ಹಿಂದಿನವರು ನೇಯ್ದಿದ್ದನ್ನು ನೋಡಿ ನೇಯುತ್ತಾರೆ, ಅವರೂ ಹಾಗೇ. ಎಲ್ಲವೂ ನಕಲು, ಯಾವುದೂ ನಕಲಿ ಅಲ್ಲ. ಅಲ್ಲಿ ಉಳಿಯಬೇಕಾದದ್ದು ಚಿತ್ರವಲ್ಲ, ಒಡಲಿನ ಎಳೆಯನ್ನು ಸೆರಗಿನ ಎಳೆಗೆ ಕೊಂಡಿ ಹಾಕಿ ಕೂಡಿಸುವ ಕೈ. ಪವರ್‌ಲೂಮಿನಲ್ಲಿ ತೆನೆಯ ಚಿತ್ರ ಬರುತ್ತದೆ, ಕೊಂಡಿ ಇರುವುದಿಲ್ಲ. ಬಾದಾಮಿಯ ಚಿತ್ರ ಬರೆದ ಕೈಗಳು ಹಾಗೆ ಮುಂದುವರಿದಿದ್ದರೆ ನಾವು ಗೋಡೆಯ ಈ ಚೂರುಗಳಿಗೆ ಇಷ್ಟು ಜೋತು ಬೀಳಬೇಕಿರಲಿಲ್ಲವೇನೋ.

ಇಷ್ಟೆಲ್ಲ ಜನ ಇಷ್ಟು ಸಲ ನೋಡಿ ಹೋದ ಮೇಲೂ ಬಾದಾಮಿ ಮುಗಿದಿರಲಿಲ್ಲ. ಫ್ಲೀಟ್, ಬರ್ಜೆಸ್ ಇಬ್ಬರ ಪುಸ್ತಕದಲ್ಲೂ ಇಲ್ಲದ ಒಂದು ಶಾಸನ ಕೋಟೆಯ ಬಂಡೆಯ ಮೇಲೆ ಇತ್ತು. ಮೊದಲನೇ ಪುಲಕೇಶಿ ಈ ಕೋಟೆ ಕಟ್ಟಿಸಿದ ವಿಷಯ, ಶಕ 465, ಅಂದರೆ ಕ್ರಿ.ಶ. 543. ಶಕವರ್ಷ ಹೆಸರಿಸಿ ಬರೆದ ತೀರಾ ಹಳೆಯ ಶಾಸನಗಳಲ್ಲಿ ಒಂದು. ಅದನ್ನು ಓದಿ ಎಪಿಗ್ರಾಫಿಯಾ ಇಂಡಿಕಾದ 27ನೇ ಸಂಪುಟದಲ್ಲಿ ಪ್ರಕಟಿಸಿದವರು ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಆರ್.ಎಸ್. ಪಂಚಮುಖಿ. ಅಷ್ಟು ಹೊತ್ತಿಗೆ ಇಂಗ್ಲಿಷರು ಗಂಟುಮೂಟೆ ಕಟ್ಟುತ್ತಿದ್ದರು.

ಈಗಿನ ದಾರಿ 3ಡಿ ಸ್ಕ್ಯಾನ್. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಬೆಂಗಳೂರು ಸುತ್ತಿನ ಶಾಸನಗಳನ್ನು ಹೀಗೆ ಸ್ಕ್ಯಾನ್ ಮಾಡುವ ಕೆಲಸ ಶುರು ಮಾಡಿತು. ಕಲ್ಲಿಗೆ ಮಸಿಯೂ ಬೇಡ, ಕಾಗದವೂ ಬೇಡ, ಕಂಪ್ಯೂಟರಿನಲ್ಲಿ ಬೆಳಕನ್ನು ಬೇಕಾದ ದಿಕ್ಕಿನಿಂದ ಬೀಳಿಸಿ ಸವೆದ ಅಕ್ಷರ ಓದಬಹುದು. ಶಾಸನಗಳಿಗೆ ಇದು ಫ್ಲೀಟ್ ಕಂಡ ಕನಸು. ಬಣ್ಣಕ್ಕೆ ಮಾತ್ರ ಇದೂ ಸ್ವಲ್ಪ ಅಷ್ಟಕ್ಕಷ್ಟೇ. ಇವತ್ತು ಇರುವುದನ್ನು ಕೊಡುತ್ತದೆ, ನಿನ್ನೆ ಇದ್ದಿದ್ದನ್ನು ಕೊಡುವುದಿಲ್ಲ.

ನಿನ್ನೆ ಇದ್ದಿದ್ದು ಸಿಗಬಹುದಾದ ಒಂದೇ ಜಾಗ ನನಗೆ ತೋಚುವುದು ಮನೆಗಳ ಹಳೇ ಆಲ್ಬಮ್ಮು. ನಮ್ಮ ಕಡೆ ಬನಶಂಕರಿ ಜಾತ್ರೆಗೆ ಹೋದವರು, ಶಾಲೆ ಟ್ರಿಪ್ಪಿನವರು, ಹೊಸದಾಗಿ ಮದುವೆಯಾದವರು ಮೂರನೇ ಗುಹೆಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳದೆ ವಾಪಸ್ ಬಂದಿದ್ದು ಕಡಿಮೆ. 1970-80ರ ದಶಕದ ಕಲರ್ ಫೋಟೋ ಇದ್ದರೆ ನಿಂತವರ ತಲೆಯ ಮೇಲೆ ಸೂರಿನ ಒಳಮೈ ಕಾಣುತ್ತಿದೆಯಾ ನೋಡಿ. ಕಂಡರೆ ಫೋಟೋವನ್ನು ಆಲ್ಬಮ್ಮಿನಿಂದ ಕಿತ್ತು ತೆಗೆಯಬೇಡಿ, ಹಾಗೇ ಇಟ್ಟು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ, ಕಲರ್ ತಿದ್ದದೆ, ಟಿಫ್ ಫೈಲಿನಲ್ಲೇ ಉಳಿಸಿ. ಹಿಂದೆ ವರ್ಷ ಬರೆದಿದ್ದರೆ ಅದನ್ನೂ. ನೆಗೆಟಿವ್ ಸಿಕ್ಕರೆ ಇನ್ನೂ ಒಳ್ಳೆಯದು.